ತಂತಿ, ಟೊಂಗೆ, ಮಳೆಗಾಲ

ಬೋನ್ಸಾಯ್ ಪುಸ್ತಕಗಳಲ್ಲಿ ಹೊಸಬರ ಕಣ್ಣನ್ನು ಹಿಡಿದು ನಿಲ್ಲಿಸುವ ಮರ ಲಾರ್ಚ್. ಸೂಜಿಯೆಲೆಯ ಜಾತಿಯದಾದರೂ ಚಳಿಗೆ ಮುಂಚೆ ಹೊನ್ನಿನ ಬಣ್ಣಕ್ಕೆ ತಿರುಗಿ ಎಲೆ ಉದುರಿಸುತ್ತದೆ, ವಸಂತದಲ್ಲಿ ಎಳೆಹಸಿರು ಗೊಂಡೆಗಳನ್ನು ತೊಟ್ಟು ಏಳುತ್ತದೆ. ಟೊಂಗೆ ಬಳುಕುತ್ತದೆ, ಎಲೆಯಿಲ್ಲದ ಕಾಲದಲ್ಲಿ ತಂತಿ ಸುತ್ತುವುದೂ ಸಲೀಸು. ಅದಕ್ಕೇ ಚಳಿದೇಶಗಳಲ್ಲಿ ಕಲಿಯುವವರ ಕೈಗೆ ಇದನ್ನು ಕೊಡುತ್ತಾರೆ. ಭಾರತದಲ್ಲಿ ಅದನ್ನು ಕಾಡಿನಲ್ಲೇ ನೋಡಬೇಕೆಂದರೆ ಸಿಕ್ಕಿಂ ಇಲ್ಲವೇ ಅರುಣಾಚಲದ ಹಿಮಾಲಯ ಹತ್ತಬೇಕು. ಶಿವಮೊಗ್ಗದ ಪುಷ್ಯಮಾಸದ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ನಾವು ಕಂಬಳಿ ಹುಡುಕುತ್ತೇವೆ. ಲಾರ್ಚ್‌ಗೆ ಅದು ನಿದ್ದೆ ಬರಿಸುವ ಚಳಿಯೇ ಅಲ್ಲ. ವಾರಗಟ್ಟಲೆ ಕೊರೆಯುವಂಥ ಶೀತ ಉಂಡರೇ ಅದಕ್ಕೆ ಮುಂದಿನ ವರ್ಷದ ಚಿಗುರು.

*

ಮರಕ್ಕೆ ನೀರು ಕೊಡಬಹುದು, ಗೊಬ್ಬರ ಕೊಡಬಹುದು, ಬೇಕಾದ ಮಣ್ಣನ್ನು ತರಿಸಿ ಕೊಡಬಹುದು. ಋತುವನ್ನು ತರಿಸಿಕೊಡಲಾಗದು.

*

ಲಾರ್ಚ್‌ನ ಚಿತ್ರ ಕಂಡು ಮನಸೋತವರು ನಮ್ಮಲ್ಲಿ ಕೈಗೆತ್ತಿಕೊಳ್ಳಬೇಕಾದದ್ದು ಸರ್ವೆ, ಅಂದರೆ ಗಾಳಿಮರ. ನೋಟಕ್ಕೆ ಸೂಜಿಯೆಲೆ, ಜಾತಿಯಲ್ಲಿ ಹೂಬಿಡುವ ಗಿಡ. ಸೂಜಿಯೆಂದು ನಾವು ತಿಳಿದದ್ದು ಎಲೆಯಲ್ಲ, ಗೆಣ್ಣುಗೆಣ್ಣಾದ ಹಸಿರು ಕಡ್ಡಿ. ಒಂದು ಕಡ್ಡಿಯನ್ನು ಗೆಣ್ಣಿನಲ್ಲಿ ಎಳೆದು ಬಿಡಿಸಿ ಬೆಳಕಿಗೆ ಹಿಡಿದರೆ ಸುತ್ತಲೂ ಏಳೆಂಟು ಪುಟ್ಟ ಹಲ್ಲುಗಳು ಕಾಣುತ್ತವೆ. ನಿಜವಾದ ಎಲೆ ಆ ಹಲ್ಲುಗಳು. ಕಡಲತಡಿಯ ಈ ಮರವನ್ನು 1868ರ ಹೊತ್ತಿಗೆ ಕಾರವಾರದಲ್ಲಿ ನೆಡತೊಡಗಿದರು. ಅಲ್ಲಿಂದ ಅದು ಘಟ್ಟ ಹತ್ತಿ ನಮ್ಮ ಹೊಲದ ಬದುವಿಗೂ ಬಂತು. ಇಂಡೋನೇಷ್ಯಾ, ತೈವಾನ್‌ಗಳಲ್ಲಿ ಇದರ ಬೋನ್ಸಾಯ್‌ಗೆ ದೊಡ್ಡ ಹೆಸರಿದೆ. ನಮಗೆ ಸರ್ವೆಯೆಂದರೆ ಸೆಂಟ್ರಿಂಗ್‌ಗೆ ಆನಿಸುವ ಗಳ, ಚಪ್ಪರದ ಕಂಬ. ನೆಟ್ಟಗೆ ಇರುವುದಕ್ಕೇ ಬೆಲೆ ಪಡೆದ ಮರ ಅದು. ಅದರಲ್ಲಿ ಬಾಗು ಹುಡುಕುವುದನ್ನು ನಮಗೆ ಯಾರೂ ಕಲಿಸಿಲ್ಲ.

*

ಇನ್ನೊಂದು ಮರ ಹುಡುಕುವುದೇ ಬೇಡ, ಅದು ತಾನಾಗಿ ಬರುತ್ತದೆ. ಹಕ್ಕಿ ತಿಂದು ಹಾಕಿದ ಹಣ್ಣಿನ ಬೀಜದಿಂದ ಬಸರಿ, ಆಲ, ಅರಳಿ ಹಳೆಯ ಗೋಡೆಯ ಬಿರುಕಿನಲ್ಲಿ, ತಾರಸಿಯ ನೀರಿನ ಕೊಳವೆಯ ಬುಡದಲ್ಲಿ ಹುಟ್ಟುತ್ತವೆ. ಮನೆಯವರಿಗೆ ಅದು ಗೋಡೆ ಸೀಳುವ ಪೀಡೆ. ಬೋನ್ಸಾಯ್ ಕಲಿಯುವವರಿಗೆ ಅದರ ಬೇರು ಆಗಲೇ ಅಗಲವಾಗಿ ಹರಡಿದೆ, ಬುಡ ಆಗಲೇ ಮುರುಟಿದೆ, ಅರ್ಧ ಕೆಲಸ ಬಿರುಕೇ ಮಾಡಿಟ್ಟಿದೆ. ಭದ್ರಾವತಿಯ ಹಳೆಯ ಕ್ವಾರ್ಟರ್ಸ್ ಸಾಲಿನಲ್ಲಾಗಲಿ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಗಳಲ್ಲಾಗಲಿ ಮಳೆಗಾಲದಲ್ಲಿ ತಲೆಯೆತ್ತಿ ನಡೆದರೆ ಸಾಕು. ಯಜಮಾನರನ್ನು ಕೇಳಿ ಕೀಳಬೇಕು. ಬಹಳ ಮಂದಿ ಸಂತೋಷದಿಂದಲೇ ಕೊಡುತ್ತಾರೆ.

*

ಬಡ ಜಾಗದಲ್ಲಿ ಬದುಕಿದ ಗಿಡಕ್ಕೆ ಚಿಕ್ಕ ಕುಂಡ ಹೊಸ ಕಷ್ಟವೇನಲ್ಲ.

*

ತಂತಿಯ ವಿಷಯಕ್ಕೆ ಬರೋಣ. ಎರಡು ಬಗೆ: ಅಲ್ಯುಮಿನಿಯಂ ಮೆತ್ತಗೆ, ಹೊಸಬರ ಕೈಗೆ ಹಗುರ. ತಾಮ್ರ ತೆಳ್ಳಗಿದ್ದೂ ಗಟ್ಟಿ ಹಿಡಿಯುತ್ತದೆ; ಸೂಜಿಯೆಲೆಯ ಗಡುಸು ಟೊಂಗೆಗಳಿಗೆ ಹಳಬರು ಅದನ್ನೇ ನೆಚ್ಚುತ್ತಾರೆ. ಆದರೆ ತಾಮ್ರವನ್ನು ತಂದ ಹಾಗೇ ಸುತ್ತಲಾಗದು, ಕಾಯಿಸಿ ಹದ ಮಾಡಬೇಕು. ಹಳೆಯ ತಾಮ್ರದ ವೈರಿನ ಪ್ಲಾಸ್ಟಿಕ್ ಸುಲಿದು ತೆಗೆದ ಬರಿ ತಂತಿ ಒಳ್ಳೆಯದು. ಮೋಟಾರ್ ವೈಂಡಿಂಗ್ ಅಂಗಡಿಯ ತುಣುಕುಗಳಿಗೆ ಎನಾಮಲ್ ಲೇಪ ಇರುತ್ತದೆ. ಬೆಂಕಿಗೆ ಹಾಕಿದರೆ ಅದರ ಹೊಗೆ ಎದೆಗೆ ಕೆಟ್ಟದ್ದು, ಬಿಟ್ಟುಬಿಡುವುದು ವಾಸಿ. ಮುಸ್ಸಂಜೆಯ ಮಬ್ಬಿನಲ್ಲಿ ಇದ್ದಿಲ ಒಲೆಯ ಮೇಲೆ ಸುರುಳಿಯನ್ನು ಇಟ್ಟರೆ ಕೆಂಪು ಏರುವುದು ಕಣ್ಣಿಗೆ ಸ್ಪಷ್ಟ. ಮಂದಗೆಂಪು ಬಂದೊಡನೆ ತೆಗೆಯಬೇಕು. ಇನ್ನೂ ಕಾಯಿಸಿದರೆ ತಂತಿ ಸುಟ್ಟು ಸಿಪ್ಪೆ ಬಿಡುತ್ತದೆ.

*

ಭದ್ರಾವತಿಯಲ್ಲಿ ಲೋಹದ ಹದ ಬಲ್ಲವರಿಗೆ ಬರವಿಲ್ಲ. 1923ರಲ್ಲಿ ವಿಶ್ವೇಶ್ವರಯ್ಯನವರ ಮೈಸೂರು ಕಬ್ಬಿಣದ ಕಾರ್ಖಾನೆ ಕುಲುಮೆ ಹೊತ್ತಿಸಿದಾಗಿನಿಂದ ಮೂರು ತಲೆಮಾರು ಆ ಶಾಖದ ಪಕ್ಕದಲ್ಲೇ ಬೆಳೆದಿದೆ. ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆ, ತಾಮ್ರವನ್ನು ಹಾಗೇ ಅದ್ದಿದರೆ ಮೆತ್ತಗೇ ಉಳಿಯುತ್ತದೆ. ಅದೇ ಬೆಂಕಿ, ಅದೇ ನೀರು. ಹದವಾದ ತಾಮ್ರಕ್ಕೆ ಇನ್ನೊಂದು ಗುಣವಿದೆ: ಬಗ್ಗಿಸಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ಒಲೆಯಿಂದ ಬಂದಾಗ ಬೆರಳಿಗೆ ಒಲಿದ ತಂತಿ, ಟೊಂಗೆಗೆ ಸುತ್ತಿ ಒಮ್ಮೆ ಬಾಗಿಸುವಷ್ಟರಲ್ಲಿ ಹಟ ಹಿಡಿದು ನಿಲ್ಲುತ್ತದೆ. ಆ ಹಟವೇ ನಮಗೆ ಬೇಕಾದದ್ದು. ಅದಕ್ಕೇ ತಾಮ್ರದಲ್ಲಿ ಎರಡನೇ ಯೋಚನೆಗೆ ಅವಕಾಶ ಕಡಿಮೆ. ಸುತ್ತುವ ಮುಂಚೆಯೇ ಟೊಂಗೆ ಎತ್ತ ಹೋಗಬೇಕೆಂದು ನಿರ್ಧಾರವಾಗಿರಬೇಕು.

*

ಟೊಂಗೆಯ ದಪ್ಪದ ಮೂರನೇ ಒಂದು ಭಾಗ ತಂತಿಯ ದಪ್ಪ, ಸುತ್ತು ಓರೆಯಾಗಿ 45 ಡಿಗ್ರಿ. ಇದು ಕಲಿಯುವ ಮೊದಲ ಲೆಕ್ಕ. ತಾಮ್ರವಾದರೆ ಇನ್ನೂ ತೆಳ್ಳಗೆ ಸಾಕು. ಲೆಕ್ಕಕ್ಕಿಂತ ಬೆರಳು ಹೆಚ್ಚು ಹೇಳುತ್ತದೆ. ತಂತಿಯ ತುದಿಯನ್ನು ಟೊಂಗೆಗೆ ಆನಿಸಿ ಒತ್ತಿ ನೋಡಿ: ಟೊಂಗೆ ಬಗ್ಗಿ ತಂತಿ ನಿಂತರೆ ಸರಿ, ತಂತಿ ಬಗ್ಗಿ ಟೊಂಗೆ ನಿಂತರೆ ಇನ್ನೊಂದು ಸುರುಳಿ ತೆಗೆಯಬೇಕು.

*

ಒಂದು ತಂತಿ, ಎರಡು ಟೊಂಗೆ. ನಡುವೆ ಕಾಂಡಕ್ಕೆ ಒಂದು ಪೂರ್ತಿ ಸುತ್ತು. ಒಂದು ಟೊಂಗೆ ಎಳೆದಾಗ ಇನ್ನೊಂದು ಅದನ್ನು ಹಿಡಿದುಕೊಳ್ಳುತ್ತದೆ. ಆಸರೆಯಿಲ್ಲದೆ ಸುತ್ತಿದ ತಂತಿ ಎಷ್ಟೇ ದಪ್ಪವಿರಲಿ, ಒಡವೆ ತೊಡಿಸಿದಂತೆ.

*

ಬಾಗಿಸುವ ಗಳಿಗೆಯನ್ನು ನಿಧಾನವಾಗಿ ನೋಡಬೇಕು. ಹಿಂದಿನ ದಿನ ನೀರು ಕೊಂಚ ಕಡಿಮೆ ಮಾಡಿದ್ದರೆ ಟೊಂಗೆ ಬಿರುಸಾಗಿರುವುದಿಲ್ಲ. ಬಾಗಿನ ಹೊರಮೈ ಮೇಲೆ ತಂತಿಯ ಒಂದು ಸುತ್ತು ಸರಿಯಾಗಿ ಕೂತಿರಬೇಕು. ತೊಗಟೆ ಸೀಳುವುದು ಅಲ್ಲೇ, ತಡೆಯೂ ಅಲ್ಲೇ ಇರಬೇಕು. ಎರಡೂ ಕೈಯ ಬೆರಳುಗಳು ಹೊರಗೆ, ಎರಡು ಹೆಬ್ಬೆರಳು ಒಳಗೆ, ಒಂದರ ಪಕ್ಕ ಒಂದು. ಒತ್ತಿದಾಗ ಮೊದಲು ಏನೂ ಆಗುವುದಿಲ್ಲ. ಆಮೇಲೆ ಟೊಂಗೆ ಒಂದಿಷ್ಟು ಒಪ್ಪುತ್ತದೆ. ಅಲ್ಲಿ ನಿಲ್ಲಿಸಿ, ಉಸಿರು ಬಿಟ್ಟು, ಮತ್ತೊಂದಿಷ್ಟು. ಒಳಗಿನಿಂದ ಸಣ್ಣ ಚಟಪಟ ಕೇಳಿದರೆ ಆ ದಿನದ ಪಾಲು ಅಷ್ಟೇ. ಉಳಿದದ್ದನ್ನು ಮುಂದಿನ ವಾರ ಕೇಳಬಹುದು. ಬಸರಿಯಲ್ಲಿ ತೊಗಟೆ ಬಿರಿದರೆ ಹಾಲು ತೊಟ್ಟಿಕ್ಕಿ ತಾನೇ ಗಾಯ ಮುಚ್ಚಿಕೊಳ್ಳುತ್ತದೆ. ಸರ್ವೆಗೆ ಆ ಹಾಲಿಲ್ಲ. ಬಿರಿದ ಜಾಗವನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಬಿಡಬೇಕು.

*

ತಂತಿ ಟೊಂಗೆಯನ್ನು ಬಾಗಿಸಿ ಹಿಡಿದಿರುತ್ತದೆ, ಅಷ್ಟೇ. ಬಾಗನ್ನು ಉಳಿಸುವುದು ಮರ. ತೊಗಟೆಯಡಿಯ ತೆಳ್ಳನೆಯ ಜೀವಪದರ ಹೊಸ ಕಟ್ಟಿಗೆಯನ್ನು ಸುತ್ತಲೂ ಹಾಕುತ್ತ ಬರುತ್ತದೆ. ಬಾಗಿದ ಸ್ಥಿತಿಯಲ್ಲೇ ಹಾಕಿದ ಆ ಹೊಸ ಪದರ ಗಟ್ಟಿಯಾದಾಗ ಟೊಂಗೆಗೆ ಹಳೆಯ ದಿಕ್ಕು ಮರೆಯುತ್ತದೆ. ಬೆಳವಣಿಗೆ ನಿಂತ ಮರಕ್ಕೆ ವರ್ಷವಿಡೀ ತಂತಿ ಸುತ್ತಿಟ್ಟರೂ ಬಿಚ್ಚಿದೊಡನೆ ಟೊಂಗೆ ಹಿಂದಕ್ಕೆ ಚಿಮ್ಮುತ್ತದೆ.

*

ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಈ ಮರ, ಈ ಊರಿನಲ್ಲಿ, ಯಾವಾಗ ಬೆಳೆಯುತ್ತದೆ?

*

ಲಾರ್ಚ್ ಸಾಕುವವರ ಪಂಚಾಂಗದಲ್ಲಿ ತಂತಿಯ ಕಾಲ ಚಳಿಗಾಲದ ಕೊನೆ, ಮೊಗ್ಗು ಉಬ್ಬುವ ಮುಂಚೆ. ಇಲ್ಲವೇ ಎಲೆ ಉದುರಿದ ಮೇಲೆ. ನಮ್ಮ ಪಂಚಾಂಗ ಮಳೆ ನಕ್ಷತ್ರಗಳದ್ದು. ಭರಣಿ ಮಳೆ ಬಿದ್ದು ಕಾದ ನೆಲ ತಣಿದ ಮೇಲೆ ಆಲ, ಬಸರಿಗಳ ಕುಂಡ ಬದಲಿಸಬಹುದು, ಬೇರು ಕತ್ತರಿಸಬಹುದು. ಆರಿದ್ರಾ ಹಿಡಿದ ಮೇಲೆ ಅವುಗಳ ಓಟ ಕಣ್ಣಿಗೆ ಕಾಣುವಂಥದ್ದು. ಪುನರ್ವಸು, ಪುಷ್ಯದ ಹೊತ್ತಿಗೆ ಆಲದ ಟೊಂಗೆಯಿಂದ ಬಿಳಲಿನ ಕೆಂಬೆಳ್ಳನೆ ತುದಿ ಇಳಿಯುತ್ತದೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಬಾಗು ಮಳೆಗಾಲದ ನಾಲ್ಕಾರು ವಾರಗಳಲ್ಲಿ ನಿಂತುಬಿಡುತ್ತದೆ.

*

ಅದೇ ನಾಲ್ಕಾರು ವಾರಗಳಲ್ಲಿ ತಂತಿ ಕಚ್ಚುತ್ತದೆ. ಮರ ದಪ್ಪವಾಗುತ್ತದೆ, ತಂತಿ ದಪ್ಪವಾಗುವುದಿಲ್ಲ. ತೊಗಟೆ ತಂತಿಯ ಎರಡೂ ಬದಿಗೆ ಉಬ್ಬಿ ಅದನ್ನು ನುಂಗತೊಡಗುತ್ತದೆ. ಆ ಸುರುಳಿ ಗೆರೆ ಬಸರಿಯಲ್ಲಿ ಹಲವು ವರ್ಷ ಉಳಿಯುತ್ತದೆ, ಸರ್ವೆಯಲ್ಲೂ ಬೇಗ ಮಾಸುವುದಿಲ್ಲ. ಆಷಾಢದಲ್ಲಿ ಮಳೆಯ ನೆಪದಿಂದ ಕುಂಡಗಳ ಕಡೆ ಹೋಗದಿರುವುದು ನಮ್ಮ ಊರಿನ ಅಭ್ಯಾಸ. ತಂತಿ ಸುತ್ತಿದವರು ಛತ್ರಿ ಹಿಡಿದಾದರೂ ವಾರಕ್ಕೊಮ್ಮೆ ಹೋಗಿ ನೋಡಬೇಕು. ಟೊಂಗೆ ಕಾಂಡಕ್ಕೆ ಸೇರುವ ಜಾಗದಲ್ಲಿ ಮೊದಲ ಕಚ್ಚು ಬೀಳುತ್ತದೆ.

*

ತೆಗೆಯುವಾಗ ಬಿಚ್ಚಬಾರದು, ಕತ್ತರಿಸಬೇಕು. ಒಂದೊಂದು ಸುತ್ತನ್ನೂ ಇಕ್ಕಳದ ಮೂತಿಯಿಂದ ತುಂಡು ಮಾಡಿ ಉದುರಿಸಬೇಕು. ಉಳಿಸಿದ ತಂತಿಯ ಬೆಲೆ ಮುರಿದ ಚಿಗುರಿನ ಬೆಲೆಗೆ ಸಮನಾಗದು.

*

ತೆಗೆಯುವ ದಿನವನ್ನು ನೆನಪಿಡದವನು ಸುತ್ತುವ ಹಕ್ಕನ್ನು ಪಡೆದಿಲ್ಲ. ಕಲಿಸುವವರು ಮೊದಲ ದಿನವೇ ಇಷ್ಟನ್ನು ಖಡಾಖಂಡಿತವಾಗಿ ಹೇಳಬೇಕೆಂಬುದು ನನ್ನ ಅಭಿಪ್ರಾಯ.

*

ಇನ್ನು ರೂಪದ ಮಾತು. ಪುಸ್ತಕದ ಲಾರ್ಚ್‌ನ ಟೊಂಗೆಗಳು ಕಾಂಡದಿಂದ ಹೊರಟೊಡನೆ ಕೆಳಕ್ಕೆ ಇಳಿಯುತ್ತವೆ. ಹೊಸಬರು ಅದನ್ನು ನಿಯಮವೆಂದು ಬಾಯಿಪಾಠ ಮಾಡಿ ಬಸರಿಯ ಟೊಂಗೆಗಳನ್ನೂ ಕೆಳಕ್ಕೆ ಎಳೆದು ಕಟ್ಟುತ್ತಾರೆ. ಆ ಇಳಿತಕ್ಕೆ ಕಾರಣ ಹಿಮ. ಚಳಿಗಾಲ ಚಳಿಗಾಲವೂ ಮೇಲೆ ಬಿದ್ದ ಹಿಮದ ಭಾರಕ್ಕೆ ಮುದಿಟೊಂಗೆ ಇಳಿದು ಇಳಿದು ಹಾಗಾಗಿದೆ. ಕಣ್ಣು ಆ ಇಳಿತ ಕಂಡೊಡನೆ ಇದು ಹಳೆಯ ಮರ ಎನ್ನುತ್ತದೆ. ತುಂಗೆಯ ದಡದಲ್ಲಿ ಯಾವ ಮರದ ಮೇಲೂ ಹಿಮ ಬಿದ್ದಿಲ್ಲ. ನಮ್ಮ ಮುದಿಮರಗಳನ್ನು ತಿದ್ದಿದ ಭಾರ ಬೇರೆ, ಅದನ್ನು ಹುಡುಕಿಕೊಂಡು ಹೋಗಬೇಕು.

*

ತೀರ್ಥಹಳ್ಳಿ, ಹೊಸನಗರ, ಸಾಗರದ ಸೊಪ್ಪಿನ ಬೆಟ್ಟಗಳಿಗೆ ಹೋಗಿ ನೋಡಿ. ಅಡಿಕೆ ತೋಟದ ಗೊಬ್ಬರಕ್ಕೆಂದು ತಲೆಮಾರುಗಳಿಂದ ಸೊಪ್ಪು ಕಡಿಸಿಕೊಂಡ ಮತ್ತಿ, ನಂದಿ, ಹೊನ್ನೆಗಳು ಅಲ್ಲಿವೆ. ಕಾಂಡ ದಪ್ಪ, ಟೊಂಗೆ ಮೊಂಡು, ಮೊಂಡಿನ ತುದಿಯಲ್ಲಿ ಗಂಟು, ಗಂಟಿನಿಂದ ಹಸಿರಿನ ಕುಚ್ಚು. ಎತ್ತರ ಅಷ್ಟಿಲ್ಲ, ವಯಸ್ಸು ಬಹಳ. ಕತ್ತಿಯ ಏಟಿಗೂ ಚಿಗುರಿಗೂ ನಡೆದ ನೂರು ವರ್ಷದ ಮಾತುಕತೆಯನ್ನು ಆ ಗಂಟುಗಳಲ್ಲಿ ಓದಬಹುದು. ಮಲೆನಾಡಿಗೆ ತನ್ನದೇ ಬೋನ್ಸಾಯ್ ರೂಪ ಅಂತ ಒಂದು ಬರುವುದಾದರೆ ಅದು ಈ ಬೆಟ್ಟಗಳಿಂದ ಬರಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

*

ಕೊಡಚಾದ್ರಿಯ ನೆತ್ತಿಯ ಹುಲ್ಲುಗಾವಲಿನ ಅಂಚಿನಲ್ಲಿ ಗಾಳಿಗೆ ಬಾಗಿದ ಕುಳ್ಳಮರಗಳು. ಮಳೆಗಾಲದುದ್ದಕ್ಕೂ ಪಡುವಣ ಗಾಳಿ ಒಂದೇ ಕಡೆಯಿಂದ ಹೊಡೆದು ಎದುರಿನ ಚಿಗುರುಗಳನ್ನೆಲ್ಲ ಚಿವುಟಿ ಹಾಕುತ್ತದೆ. ಉಳಿದ ಟೊಂಗೆಗಳೆಲ್ಲ ಮೂಡಣಕ್ಕೆ. ಜಪಾನೀಯರು ಗಾಳಿಗೆ ಸಿಕ್ಕ ಮರದ ಶೈಲಿ ಎಂದು ಕಲಿಸುವುದು ಇದನ್ನೇ. ಸರ್ವೆಗೆ ಹೇಳಿ ಮಾಡಿಸಿದ ರೂಪ.

*

ಬಸರಿ, ಆಲಗಳಿಗೆ ಗುರು ಹುಡುಕಲು ಬೆಟ್ಟ ಹತ್ತಬೇಕಿಲ್ಲ. ಊರ ಮುಂದಿನ ಅರಳಿಕಟ್ಟೆ ಸಾಕು. ಬುಡ ಕಟ್ಟೆಯ ಕಲ್ಲನ್ನು ಹೇಗೆ ಅಪ್ಪಿದೆ, ಮೊದಲ ಟೊಂಗೆ ಎಷ್ಟು ಎತ್ತರದಲ್ಲಿ ಒಡೆದಿದೆ, ಅದು ಮೇಲೇರಿ ಆಮೇಲೆ ಅಡ್ಡ ಹರಡಿದ್ದು ಎಲ್ಲಿ. ಕಟ್ಟೆಯ ಮೇಲೆ ಕೂರುವವರು ಮರದ ಕೆಳಗೆ ಕೂರುತ್ತಾರೆ. ರೂಪ ಕಾಣಬೇಕಾದರೆ ಎದ್ದು ರಸ್ತೆಯ ಆಚೆಗೆ ಹೋಗಬೇಕು.

*

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ಗಾದೆಯನ್ನು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಬೋನ್ಸಾಯ್ ಮಾಡುವವರ ಅನುಭವದಲ್ಲಿ ಮರವಾಗಿಯೂ ಬಗ್ಗುತ್ತದೆ. ಹೆಬ್ಬೆರಳು ಗಾತ್ರದ ಟೊಂಗೆಗೆ ಪಟ್ಟಿ ಬಿಗಿದು, ಮೇಲೆ ದಪ್ಪ ತಂತಿ ಹಾಕಿ, ಕುಂಡಕ್ಕೆ ಎಳೆಕಟ್ಟು ಕಟ್ಟಿ ತಿಂಗಳಿಗೆ ಒಂದು ತಿರುವಿನಂತೆ ಬಿಗಿಮಾಡುತ್ತ ಬಂದರೆ ವರ್ಷದ ಕೊನೆಗೆ ಅದು ಬೇರೆಯೇ ದಿಕ್ಕಿನಲ್ಲಿರುತ್ತದೆ. ಎಳೆಯದಕ್ಕೆ ಬೇಕಾದದ್ದು ಕೈ. ಬಲಿತದ್ದಕ್ಕೆ ಕಾಲಾವಧಿ. ಬಗ್ಗದೆಂದು ಕೈಬಿಟ್ಟವುಗಳಲ್ಲಿ ಬಹಳಷ್ಟಕ್ಕೆ ನಾವು ಕೊಟ್ಟ ಅವಧಿ ಸಾಲದಾಗಿತ್ತು. ಗಿಡಗಳ ವಿಷಯದಲ್ಲಿ ಮಾತ್ರ ಹೇಳುತ್ತಿಲ್ಲ.

*

ಇದು ಮರಕ್ಕೆ ಕೊಡುವ ಹಿಂಸೆಯಲ್ಲವೇ ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಕೇಳಿದವರನ್ನು ಹಗುರಾಗಿ ಕಾಣಬಾರದು. ಹಸಿವಿನಿಂದ ಕುಳ್ಳಾದ ಗಿಡ ಬೋನ್ಸಾಯ್ ಅಲ್ಲ. ಅದು ಸಾಯುತ್ತಿರುವ ಗಿಡ. ಸರಿಯಾಗಿ ಸಾಕಿದ ಕುಂಡದ ಮರಕ್ಕೆ ಕಾಡಿನ ಮರಕ್ಕಿಂತ ಹೆಚ್ಚು ಆರೈಕೆ ಸಿಗುತ್ತದೆ, ಚಿಗುರು ಕತ್ತರಿಸುವುದರಿಂದಲೇ ಅದು ಚಿಕ್ಕದಾಗಿ ಉಳಿಯುತ್ತದೆ. ಮೈಸೂರಿನ ಅವಧೂತ ದತ್ತ ಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನದಲ್ಲೋ ಲಾಲ್‌ಬಾಗಿನಲ್ಲೋ ತಟ್ಟೆಯ ಮರಗಳ ತೊಗಟೆಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಆದರೂ ತಂತಿ ಕಚ್ಚಿ ಕತ್ತು ಹಿಸುಕಿದ ಟೊಂಗೆ ಹಿಂಸೆಯೇ. ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡಬೇಕಾದ್ದು ಬಾಯಲ್ಲ, ನಮ್ಮ ಜಗಲಿಯ ಮೇಲಿನ ಮರದ ತೊಗಟೆ.

*

ವಾಸ್ತುವಿನ ಪ್ರಕಾರ ಮನೆಯಲ್ಲಿ ಬೋನ್ಸಾಯ್ ಇದ್ದರೆ ಏಳಿಗೆ ನಿಲ್ಲುತ್ತದೆಂಬ ಅಂಜಿಕೆ ನಮ್ಮ ಕಡೆ ಬಲವಾಗಿದೆ. ಅರಳಿ, ಆಲ ಮನೆಯಂಗಳದಲ್ಲಿ ಬೇಡವೆಂಬುದು ಇನ್ನೂ ಹಳೆಯ ಮಾತು. ಮನೆಯ ಹಿರಿಯರ ಮನಸ್ಸನ್ನು ನೋಯಿಸಿ ಬೆಳೆಸಿದ ಮರ ಸುಖ ಕೊಡುವುದಿಲ್ಲ. ಬಸರಿಯ ಬದಲು ಹುಣಸೆಯ ಸಸಿ ಹಿಡಿಯಿರಿ. ಸಣ್ಣ ಎಲೆ, ಬೇಗ ಬಿರಿಯುವ ತೊಗಟೆ, ಬಿಸಿಲಿಗೆ ಜಗ್ಗದ ಜೀವ. ತಂತಿಯ ಪಾಠ ಅದರಲ್ಲೂ ಅಷ್ಟೇ.

*

ಭದ್ರಾವತಿಗೆ ಮರದೊಡನೆ ಹಳೆಯ ಋಣವಿದೆ. ಕಾರ್ಖಾನೆಯ ಮೊದಲ ಊದುಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಲ ಕಾಡಿನ ಸೌದೆ ಸುಟ್ಟು ಮಾಡಿದ ಇದ್ದಿಲಿನಿಂದ. ಆಮೇಲೆ ಮೈಸೂರು ಕಾಗದ ಕಾರ್ಖಾನೆ ಬಂತು; ಅದರ ತಿರುಳಿಗಾಗಿ ಜಿಲ್ಲೆಯ ಗುಡ್ಡಗಳ ಮೇಲೆ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಎದ್ದವು. ಸಾಲು ಸಾಲು, ಒಂದೇ ವಯಸ್ಸು, ಒಂದೇ ದಪ್ಪ. ಅವುಗಳನ್ನು ಟನ್ನಿನಲ್ಲಿ ಎಣಿಸಿದ ಊರಿನಲ್ಲಿ ಒಬ್ಬರು ಒಂದು ಬಸರಿಯ ಒಂದು ಟೊಂಗೆಯ ಬಾಗನ್ನು ಸಂಜೆಯುದ್ದಕ್ಕೂ ನೋಡುತ್ತ ಕೂರುವುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಅದರಿಂದ ಕಾಡು ಮರಳುವುದಿಲ್ಲ. ಒಂದು ಮರವನ್ನು ಹೆಸರು ಹಿಡಿದು ಬಲ್ಲವರು ಒಬ್ಬರು ಹೆಚ್ಚಾಗುತ್ತಾರೆ.

*

ಎಲ್ಲ ಟೊಂಗೆಗೂ ತಂತಿ ಸುತ್ತುವುದು ಹೊಸಬರ ಉತ್ಸಾಹ. ಯಾವ ಟೊಂಗೆ ಇರಬಾರದೆಂದು ಮೊದಲು ತಿಳಿದರೆ ಅರ್ಧ ತಂತಿ ಉಳಿಯುತ್ತದೆ.

*

ಸರ್ವೆಯ ಟೊಂಗೆಯನ್ನು ಮೊಟಕು ಮಾಡುವಾಗ ಹಸಿರು ಇರುವಲ್ಲಿಗೇ ನಿಲ್ಲಬೇಕು. ಬರಿ ಕಟ್ಟಿಗೆಯವರೆಗೆ ಕತ್ತರಿಸಿದರೆ ಅಲ್ಲಿಂದ ಮತ್ತೆ ಚಿಗುರುವ ಭರವಸೆಯಿಲ್ಲ. ಬಸರಿ ಉದಾರಿ, ಬರಿ ಮೊಂಡಿನಿಂದಲೂ ಒಡೆಯುತ್ತದೆ. ಒಂದರ ಪಾಠವನ್ನು ಇನ್ನೊಂದಕ್ಕೆ ಹೇರುವವರ ಕೈಯಲ್ಲಿ ಎರಡೂ ಕೆಡುತ್ತವೆ.

*

ಮಾರ್ಚ್, ಏಪ್ರಿಲ್ ಪರೀಕ್ಷೆಯ ತಿಂಗಳು. ಭದ್ರಾವತಿಯ ಸಿಮೆಂಟ್ ತಾರಸಿ ಮಧ್ಯಾಹ್ನ ಬರಿಗಾಲಿಗೆ ಸುಡುತ್ತದೆ. ಎರಡು ಬೆರಳು ಆಳದ ತಟ್ಟೆಯ ಮಣ್ಣು ಬೆಳಗಿನ ನೀರನ್ನು ಸಂಜೆಯವರೆಗೆ ಹಿಡಿದಿಡುವುದಿಲ್ಲ. ಬಿಸಿಲಿಗೆ ಕಾದ ತಂತಿ ಎಳೆಯ ತೊಗಟೆಯನ್ನು ಬಾಡಿಸುತ್ತದೆ. ಆ ತಿಂಗಳುಗಳಲ್ಲಿ ರೂಪ ತಿದ್ದುವ ಆಸೆಯನ್ನು ಕಟ್ಟಿಟ್ಟು ಬೆಳಿಗ್ಗೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ನೀರು ಹಾಕುವುದಷ್ಟೇ ಕೆಲಸ. ನೆಂಟರ ಮದುವೆಗೆ ಮೂರು ದಿನ ಊರಿಗೆ ಹೋಗುವವರು ಬೀಗದ ಕೈಯನ್ನು ಪಕ್ಕದ ಮನೆಗೆ ಕೊಟ್ಟರೆ ಸಾಲದು, ನೀರು ಎಷ್ಟು ಹಾಕಬೇಕೆಂದು ಒಮ್ಮೆ ಹಾಕಿ ತೋರಿಸಿ ಹೋಗಬೇಕು.

*

ಮರ ನಮಗಿಂತ ಹೆಚ್ಚು ಬಾಳುವಂಥದ್ದು. ವರ್ಗಾವಣೆ, ನಿವೃತ್ತಿ, ಕ್ವಾರ್ಟರ್ಸ್ ಖಾಲಿ ಮಾಡುವ ದಿನ ಇವು ಶಿವಮೊಗ್ಗ, ಭದ್ರಾವತಿಯವರಿಗೆ ಹೊಸದಲ್ಲ. ಲಾರಿಯಲ್ಲಿ ಬೀರು, ಮಂಚ ಹೋಗುತ್ತವೆ. ತಟ್ಟೆಯ ಮರವನ್ನು ಯಾರಿಗೆ ಕೊಡುವುದೆಂದು ಆ ಬೆಳಿಗ್ಗೆ ಯೋಚಿಸಿದರೆ ತಡವಾಯಿತು. ತಂತಿ ಸುತ್ತುವುದನ್ನು ಕಲಿಯುವಾಗ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳಿ. ಮಗಳಾಗಲಿ, ಪಕ್ಕದ ಮನೆಯ ಹುಡುಗನಾಗಲಿ, ಇಕ್ಕಳ ಹಿಡಿಯಲು ಒಂದು ಜೊತೆ ಕೈ. ಕುಂಡದ ಅಡಿಯಲ್ಲಿ ಪೇಂಟಿನಿಂದ ಮರದ ಹೆಸರು, ಕಿತ್ತು ತಂದ ಜಾಗ, ಕೊನೆಯ ಸಲ ಮಣ್ಣು ಬದಲಿಸಿದ ತಿಂಗಳು ಬರೆದಿಡಿ. ತಂತಿ ಇರುವ ಟೊಂಗೆಗೆ ಒಂದು ಚೀಟಿ ಕಟ್ಟಿ, ಸುತ್ತಿದ ತಾರೀಖನ್ನೂ ಮೊದಲ ಸಲ ನೋಡಬೇಕಾದ ತಾರೀಖನ್ನೂ ಪೆನ್ಸಿಲ್‌ನಲ್ಲಿ ಬರೆಯಿರಿ. ನಮ್ಮ ಮಳೆಗೆ ಬಾಲ್‌ಪೆನ್ನಿನ ಬರಹ ನಿಲ್ಲುವುದಿಲ್ಲ, ಪೆನ್ಸಿಲ್ ನಿಲ್ಲುತ್ತದೆ.